ಜಾಗರಣೆ ಮನೆ

ಮುತ್ತಿನಕೊಪ್ಪಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ನನಗೆ ಇಟ್ಟ ಹೆಸರು ಕುಂಭಕರ್ಣನ ತಂಗಿ. ತಲೆ ದಿಂಬಿಗೆ ತಾಗಿದರೆ ಸಾಕು, ನನಗೆ ನಿದ್ದೆ. ಆದರೆ ಗಂಡನ ಮನೆ ಊರಿಗೇ ಹೆಸರಾದ ‘ಜಾಗರಣೆ ಮನೆ’. ಶಿವರಾತ್ರಿಯಲ್ಲಿ ಈಶ್ವರ ಗುಡಿಯ ದೀಪ ಬೆಳಗಿನವರೆಗೆ ಆರದಂತೆ ಕಾಯುವ ಹಕ್ಕು ತಲೆತಲಾಂತರದಿಂದ ಇವರದ್ದು. ಯಾಕೆಂದರೆ ಉಳಿದ ದಿನವೂ ಇವರಿಗೆ ನಿದ್ದೆ ಬರುವುದಿಲ್ಲ. ಅದು ಶಿವನ ವರವಂತೆ. ವರವಂತೆ, ಮಣ್ಣಂತೆ.

ನಮ್ಮ ಯಜಮಾನರು ಬಸವೇಶ್, ಗೊಬ್ಬರದ ಅಂಗಡಿ ಇಟ್ಟವರು. ಕಣ್ಣ ಕೆಳಗೆ ಕಪ್ಪು, ಗಿರಾಕಿಗಳ ಮೇಲೆ ಸಿಡಿಮಿಡಿ, ಮಧ್ಯಾಹ್ನವಾದರೆ ತಲೆನೋವು. ಡಾಕ್ಟರಿಗೆ ತೋರಿಸಿ ಅಂದರೆ, “ಶಿವ ಕೊಟ್ಟಿದ್ದಕ್ಕೆ ಡಾಕ್ಟ್ರು ಎಂತ ಮಾಡ್ತಾರೆ ಮಾರಾಯ್ತಿ?” ಅಂತ ನಗುವವರು. ಇವರ ಅಪ್ಪ, ದೊಡ್ಡಪ್ಪ ಇಬ್ಬರೂ ಐವತ್ತು ದಾಟುತ್ತಲೇ ಎದೆ ಹಿಡಿದುಕೊಂಡು ಹೋದವರು. ಇವರಿಗೂ ಐವತ್ತು ಹತ್ತಿರವಾಗಿತ್ತು.

ದೀಪಾವಳಿ ಕಳೆದ ಮೇಲೆ ಮಗಳು ಸಿರಿಗೂ ನಿದ್ದೆ ಬರದಾಯಿತು. ಇನ್ನೂ ಹೈಸ್ಕೂಲಿನ ಹುಡುಗಿ. ಅತ್ತೆ ಹಿಗ್ಗಿ, “ನಮ್ಮ ರಕ್ತ,” ಅಂದರು. ನನಗೆ ಬಂತು ನೋಡಿ ಸಿಟ್ಟು. ಮಗಳ ನೆಪ ಹೇಳಿ ಗಂಡನನ್ನೂ ಕಾರಿಗೆ ಹತ್ತಿಸಿ ಕೊಪ್ಪ ಪೇಟೆಯ ಆಸ್ಪತ್ರೆಗೆ ಹೊರಟೇಬಿಟ್ಟೆ.

ಡಾಕ್ಟರ್ ಸುಮಲತಾ ಮನೆತನದ ಕಥೆಯೆಲ್ಲ ಕೇಳಿ, ಇವರ ತೋಳಿಗೂ ಬಿಪಿ ಪಟ್ಟಿ ಸುತ್ತಿದರು. ಬಿಪಿ ಏರಿ ಕೂತಿತ್ತು.

“ನಿದ್ದೆ ಬರದೆ ಇರೋದು ಸ್ವಲ್ಪ ಮಟ್ಟಿಗೆ ವಂಶದಲ್ಲೇ ಬರ್ತದೆ,” ಅಂದರು. “ಒಂದು ಜೀನ್ ಅಲ್ಲ, ನೂರಾರು. ಒಂದೊಂದೂ ಚೂರು ಚೂರು ಆ ಕಡೆ ನೂಕ್ತದೆ. ಆದ್ರೆ ವರ್ಷಗಟ್ಟಲೆ ನಿದ್ದೆಗೆಟ್ರೆ ಬಿಪಿ, ಶುಗರ್, ಹೃದಯದ ಕಾಯಿಲೆ ಬರೋ ಸಂಭವ ಜಾಸ್ತಿ.”

ಸಿರಿ ಅಪ್ಪನ ಮುಖ ನೋಡಿದಳು. “ಹಂಗಾರೆ ಅಜ್ಜನಿಗೆ ಆಗಿದ್ದು ನಂಗೂ ಆಗ್ತದಾ ಅಪ್ಪಾಜಿ?”

ಇವರ ಮುಖ ಬಿಳಿಚಿಕೊಂಡಿತು. “ಇವಳಿಗೆ ಆಗದ ಹಂಗೆ ಎಂತ ಮಾಡ್ಬೇಕು ಹೇಳಿ ಮೇಡಂ,” ಅಂದರು.

“ಬೀಜ ಇದೆ ಅಂದ ಮಾತ್ರಕ್ಕೆ ಬೆಳೆ ಬಂದೇ ಬರ್ತದಾ? ಗೊಬ್ಬರದ ಅಂಗಡಿಯವರಿಗೆ ನಾನು ಹೇಳ್ಬೇಕಾ? ಬಿಪಿ ಮಾತ್ರೆ ತಪ್ಪಿಸ್ಬೇಡಿ. ನಿದ್ದೆ ಕಲೀಬಹುದು. ಮೊದಲು ನೀವು ಕಲೀರಿ, ಮಗಳು ನೋಡಿ ಕಲೀತಾಳೆ.”

ಅವತ್ತಿನಿಂದ ನಮ್ಮ ಮನೆಯಲ್ಲಿ ನಿದ್ದೆಯ ಪಾಠ. ಸಂಜೆ ಕಾಫಿ ಬಂದ್. ಮೊಬೈಲು ಅತ್ತೆಯ ಟ್ರಂಕಿನಲ್ಲಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆ, ನಿದ್ದೆ ಬಂದಿರಲಿ ಬಿಡಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು. ಮೊದಮೊದಲು ಅಪ್ಪ ಮಗಳು ತೂಕಡಿಸಿ ತೂಕಡಿಸಿ ನನ್ನನ್ನೇ ಬೈದರು. ಬೈಸಿಕೊಂಡೆ. ಸಂಕ್ರಾಂತಿ ಹೊತ್ತಿಗೆ ಇಬ್ಬರೂ ಸರಿಯಾಗಿ ಮಲಗತೊಡಗಿದರು. ನನಗೆ ಕುಣಿದಾಡುವಷ್ಟು ಖುಷಿ.

ಅಷ್ಟರಲ್ಲಿ ಶಿವರಾತ್ರಿ ಬಂತು. ಒಂದು ರಾತ್ರಿಗೆ ಏನಾಗುತ್ತದೆ ಅಂತ ಇವರು ಗುಡಿಗೆ ಹೊರಟರು. ಹಿಂದೆಯೇ ಸಿರಿಯೂ ಶಾಲು ಹೊದ್ದು ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಇಬ್ರೂ ಹೋಗಿ ಮಲಗಿ. ಈ ಮನೆ ಸೊಸೆ ನಾನಿಲ್ವಾ? ದೀಪ ನಾನು ಕಾಯ್ತೀನಿ.”

“ನೀನಾ? ದೀಪಕ್ಕಿಂತ ಮೊದ್ಲು ನೀನೇ ಆರ್ತೀಯ,” ಅಂದ ಅತ್ತೆ ನನ್ನನ್ನು ಕಾಯಲಿಕ್ಕೆ ತಾವೂ ಬಂದರು.

ಹೇಗೆ ಎಚ್ಚರವಿದ್ದೆನೋ ಆ ಶಿವನೇ ಬಲ್ಲ. ಅತ್ತೆ ತಿವಿದರು, ನಾನು ಎಣ್ಣೆ ಹಾಕಿದೆ, ದೀಪ ಆರಲಿಲ್ಲ. ಬೆಳಕು ಹರಿಯುತ್ತಲೇ, ಮಗ ಮಂಗಳಾರತಿಗಾದರೂ ಬರಲಿ ಅಂತ ಅತ್ತೆ ಬಿರಬಿರನೆ ಮನೆಗೆ ನಡೆದರು. ನಾನೂ ಹಿಂದೆ ಓಡಿದೆ.

ನಡುಮನೆಯಲ್ಲಿ ಅಪ್ಪ ಮಗಳು ಬಾಯಿ ತೆರೆದುಕೊಂಡು ಮಲಗಿದ್ದರು. ಮಗನ ಹೆಗಲಿಗೆ ಚಾಚಿದ ಅತ್ತೆಯ ಕೈ ಅಲ್ಲೇ ನಿಂತಿತು.

“ಎಬ್ಬಿಸ್ಲಾ ಅತ್ತೆ?” ಅಂದೆ.

“ಬ್ಯಾಡ, ಸುಮ್ನಿರು,” ಅಂದರು. “ಇವನಪ್ಪ ಹಿಂಗೆ ನೆಮ್ಮದಿಯಾಗಿ ಮಲಗಿದ್ದು ನಾನು ನೋಡಿದ್ದು ಜೀವ ಹೋದ ಮೇಲೇ ಕಣೇ.”

ಆಮೇಲೆ ಗುಡಿಯ ಗಂಟೆ ಒಳಗೆ ಕೇಳದ ಹಾಗೆ ಅತ್ತೆ ಮೆಲ್ಲಗೆ ಕಿಟಕಿ ಮುಚ್ಚಿದರು.