ಪುಟಕ್ಕೆ ಮೂರು ಸಾವಿರ

ಕಬುಲಾ ಲುಶಿಂಗೆ ಎಂಬಾಕೆ ಮೂವತ್ತೊಂದು ವರ್ಷ ಸರೋವರದ ದಂಡೆಯ ಮ್ವಾನ್ಜಾ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನು ಊರವರಿಗೆ ಜೋಡಿಸಿಕೊಟ್ಟವಳು. ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ಮೀನಿನ ದರ, ಮುರಿದುಬಿದ್ದ ಮದುವೆ, ಎಲ್ಲವೂ ಅವಳ ಕಿವಿ ದಾಟಿಯೇ ಹೋಗಬೇಕಿತ್ತು. ಅವಳಿಗೆಂದೇ ಬಂದ ಕರೆಗಳು ಮಾತ್ರ ಬೆರಳೆಣಿಕೆಯಷ್ಟು. ಮದುವೆಯಾಗಲಿಲ್ಲ. ಇದ್ದೊಬ್ಬ ತಂಗಿ ಸರೋವರದಾಚೆ ಬುಕೋಬಾದಲ್ಲಿ ತೀರಿಕೊಂಡು ಎಂಟು ವರ್ಷವಾಗಿತ್ತು. ನಿವೃತ್ತಿಯ ಮೇಲೆ ಗುಡ್ಡದ ಮೇಲಿನ ಬಾಡಿಗೆ ಕೋಣೆಯಲ್ಲಿ ಕೂತು ನಾಲ್ಕು ವರ್ಷ ಒಂದು ಕಾದಂಬರಿ ಬರೆದಳು. ಮೂವರು ಪ್ರಕಾಶಕರಿಗೆ ಕಳಿಸಿದಳು. ಇಬ್ಬರಿಂದ ಉತ್ತರವೇ ಇಲ್ಲ. ಮೂರನೆಯವರು, ಶಾಲಾ ಪಠ್ಯ ಬಿಟ್ಟು ಬೇರೇನೂ ಹಾಕುವುದಿಲ್ಲವೆಂದರು. ಸರಿ, ನಾನೇ ಅಚ್ಚು ಹಾಕಿಸುತ್ತೇನೆಂದು ಹೊರಟಳು. ಕೈಯಲ್ಲಿದ್ದದ್ದು ಇಪ್ಪತ್ನಾಲ್ಕು ಲಕ್ಷ ಶಿಲಿಂಗ್.

ಪ್ರೆಸ್ಸಿನ ಸೈದಿ ಅವಳು ಬರೆದು ತಂದ ಖರ್ಚಿನ ಹಾಳೆಯ ಮೇಲೆ ಪೆನ್ನು ಆಡಿಸಿದ.

"ಮುನ್ನೂರು ಪ್ರತಿ, ಒಂದಕ್ಕೆ ಏಳು ಸಾವಿರ. ಇಪ್ಪತ್ತೊಂದು ಲಕ್ಷ ಅಲ್ಲೇ ಹೋಯ್ತು. ಮುಖಪುಟಕ್ಕೆ ಒಂದೂವರೆ. ಇದೇನಮ್ಮಾ, ತಿದ್ದೋಕೆ ಆರು ಲಕ್ಷ ಮೂವತ್ತು ಸಾವಿರ?"

"ಶಿನ್ಯಾಂಗಾದ ಒಬ್ರು ಮೇಷ್ಟ್ರು. ಪುಟಕ್ಕೆ ಮೂರು ಸಾವಿರ. ಇನ್ನೂರ ಹತ್ತು ಪುಟ."

"ಹೊಡೆದು ಹಾಕಿ ಅದನ್ನ. ಕಾಗುಣಿತ ಯಾರು ನೋಡ್ತಾರೆ? ಜನ ಕೊಳ್ಳೋದು ಮುಖಪುಟ ನೋಡಿ."

"ಪ್ರತಿ ಕಮ್ಮಿ ಮಾಡಿದ್ರೆ?"

"ನೂರೇ ಸಾಕು ಅಂದ್ರೆ ಒಂದಕ್ಕೆ ಹದಿನಾಲ್ಕು ಸಾವಿರ ಬೀಳುತ್ತೆ. ಹತ್ತು ಸಾವಿರಕ್ಕಿಂತ ಜಾಸ್ತಿ ಕೊಟ್ಟು ಯಾರಮ್ಮಾ ಕಾದಂಬರಿ ಕೊಳ್ತಾರೆ? ಮಾರಿದಷ್ಟೂ ಕೈ ಸುಡುತ್ತೆ. ಮುನ್ನೂರು ಹಾಕ್ಸಿ. ನೆಂಟರು, ಚರ್ಚಿನವರು, ಮಕ್ಕಳ ಸ್ನೇಹಿತರು ಇರಲ್ವಾ? ತಿಂಗಳೊಳಗೆ ಖಾಲಿ!"

ಇದ್ದಾರೆ ಎಂಬಂತೆ ಕಬುಲಾ ತಲೆಯಾಡಿಸಿದಳು.

ಮನೆಗೆ ಬಂದು, ಪುಸ್ತಕ ಕೊಳ್ಳಬಹುದಾದವರ ಹೆಸರು ಬರೆಯಲು ಕೂತಳು. ಹನ್ನೊಂದಕ್ಕೆ ಪೆನ್ನು ನಿಂತಿತು. ಅದರಲ್ಲೂ ಇಬ್ಬರು ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಹೊರಗೆ ಯಾರೋ ಜೋರಾಗಿ ನಗುತ್ತ ಹೋದರು. ಹಾಳೆ ಮಡಚಿಟ್ಟಳು. ಆದರೂ ಸೈದಿಯ ಲೆಕ್ಕವೇ ಲೆಕ್ಕ. ಮೇಷ್ಟರನ್ನು ಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ತಿದ್ದುವುದು ಬೇಡವೆನ್ನಲೆಂದೇ ಸಂಜೆ ಅವರಿಗೆ ಫೋನ್ ಮಾಡಿದಳು.

ಕಜಿಮಿಲಿ ಮೇಷ್ಟರನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಮಾದರಿಗೆಂದು ಮೊದಲ ಮೂವತ್ತು ಪುಟ ಕಳಿಸಿದ್ದಳು, ಅಷ್ಟೇ.

"ನಾನೇ ಫೋನ್ ಮಾಡ್ಬೇಕು ಅಂತಿದ್ದೆ ಕಣಮ್ಮಾ," ಎಂದರು ಮೇಷ್ಟರು. "ಒಣಮೀನಿಗೆ ಉಪ್ಪು ಸುರಿದ ಹಾಗೆ ಅಲ್ಪವಿರಾಮ ಸುರಿದಿದ್ದೀರಲ್ಲ! ಅದಿರಲಿ. ಇಪ್ಪತ್ತೇಳನೇ ಪುಟದಲ್ಲಿ ಬಂದರಿನಿಂದ ಒಬ್ಬ ಫೋನ್ ಮಾಡಿ ಅಳ್ತಾನೆ. ಎಕ್ಸ್‌ಚೇಂಜಿನ ಹುಡುಗಿ ಹೆಡ್‌ಫೋನ್ ತೆಗೆದಿಡ್ತಾಳೆ. ಯಾಕೆ? ಅವನೇನಂದ?"

"ಬೇರೆಯವರ ಮಾತು ಕೇಳಬಾರದು ಅಂತ ನಿಯಮ ಇತ್ತು, ಮೇಷ್ಟ್ರೇ."

"ನಿಯಮ ಹಾಳಾಗ್ಲಿ. ನೀವು ಕೇಳಿಸ್ಕೊಂಡ್ರಿ, ಅಲ್ವಾ?"

ಇಷ್ಟು ವರ್ಷದಲ್ಲಿ ಅವಳು ಕೇಳಿಸಿಕೊಂಡದ್ದೇನು ಎಂದು ಕೇಳಿದ ಮೊದಲ ಮನುಷ್ಯ ಇವರು.

"ಯಾವ ನಂಬರು ಬೇಕು ಅಂದೆ," ಎಂದಳು ನಿಧಾನವಾಗಿ. "ಯಾವುದಾದ್ರೂ ಸರಿ, ಯಾರಾದ್ರೂ ಒಬ್ಬರು ಮಾತಾಡಿದ್ರೆ ಸಾಕು ಅಂದ. ನಾನು ಲೈನ್ ಕಟ್ ಮಾಡ್ಬಿಟ್ಟೆ. ನಿಯಮಕ್ಕಲ್ಲ. ಹೆದರಿಕೆಯಾಯ್ತು."



"ಅದನ್ನ ಬರೀರಿ," ಎಂದರು ಮೇಷ್ಟರು. "ಇನ್ನು ನೀವ್ಯಾಕೆ ಫೋನ್ ಮಾಡಿದ್ರಿ?"

"ಉಳಿದ ಪುಟ ಯಾವಾಗ ಕಳಿಸ್ಲಿ ಅಂತ ಕೇಳೋಕೆ."

ಮರುದಿನ ಹೋಗಿ ಸೈದಿಗೆ, "ನೂರೇ ಹಾಕಪ್ಪಾ" ಎಂದಳು. ಸೈದಿ ಹಣೆ ಚಚ್ಚಿಕೊಂಡ. "ಇದು ವ್ಯಾಪಾರಾನಾ ದಾನಾನಾ ಅಮ್ಮಾ?" ಅವಳಿಗೂ ಗೊತ್ತಿತ್ತು: ನೂರಕ್ಕೆ ನೂರು ಮಾರಿದರೂ ಹನ್ನೊಂದು ಲಕ್ಷಕ್ಕೂ ಹೆಚ್ಚು ನಷ್ಟ.

ಎರಡೂವರೆ ತಿಂಗಳು ಗುರುವಾರ, ಭಾನುವಾರ ಸಂಜೆ ಫೋನ್ ಬರುತ್ತಿತ್ತು. ಮೇಷ್ಟರು ಬೈಯುತ್ತಿದ್ದರು, ಹಾಸ್ಯ ಮಾಡುತ್ತಿದ್ದರು, ಒಂದು ಶಬ್ದಕ್ಕಾಗಿ ಅರ್ಧ ಗಂಟೆ ಜಗಳವಾಡುತ್ತಿದ್ದರು. ಆ ದಿನಗಳಲ್ಲಿ ಕಬುಲಾ ಬೇಗ ಅಡಿಗೆ ಮುಗಿಸಿ, ತಲೆ ಬಾಚಿಕೊಂಡು ಕೂರುತ್ತಿದ್ದಳು. ಫೋನಿನಲ್ಲಿ ತಲೆಗೂದಲು ಯಾರಿಗೆ ಕಾಣುತ್ತದೆ! ಇನ್ನೂರ ಹತ್ತನೆಯ ಪುಟ ಬಂತು. ದುಡ್ಡು ಚುಕ್ತಾ ಆಯಿತು. ಕರೆ ನಿಂತಿತು.

ಪುಸ್ತಕ ಚೆನ್ನಾಗಿಯೇ ಬಂದಿತ್ತು. ಬಸ್ ನಿಲ್ದಾಣದ ಅಂಗಡಿಯಲ್ಲಿ ನಲವತ್ತು ಇಟ್ಟಳು. ಒಂದು ತಿಂಗಳಲ್ಲಿ ಹದಿನಾಲ್ಕು ಹೋದವು. ಯಾರು ಕೊಂಡರೆಂದು ಅಂಗಡಿಯವನಿಗೆ ನೆನಪಿರಲಿಲ್ಲ. ಮೇಷ್ಟರಿಗೆಂದು ಶಿನ್ಯಾಂಗಾದ ಬಸ್ಸಿಗೆ ಒಂದು ಪ್ರತಿ ಕೊಟ್ಟು ಕಳಿಸಿದಳು. ಒಂದು ಗುರುವಾರ ಹೋಯಿತು, ಭಾನುವಾರ ಹೋಯಿತು. ಮುಂದಿನ ಬುಧವಾರ ಮಧ್ಯಾಹ್ನ ಫೋನ್ ಬಂತು.

"ನೂರ ಹನ್ನೆರಡನೇ ಪುಟದಲ್ಲಿ ಒಂದು ತಪ್ಪು ಉಳಿದುಬಿಟ್ಟಿದೆ, ಕಣಮ್ಮಾ. ನನ್ನದೇ ತಪ್ಪು. ಮೂರು ಸಾವಿರ ವಾಪಸ್ ಕಳಿಸ್ಲಾ?"

"ಬೇಡ," ಎಂದಳು ಕಬುಲಾ, ಕುರ್ಚಿ ಎಳೆದುಕೊಳ್ಳುತ್ತ. "ಎಲ್ಲಿದೆ ಅದು? ಓದಿ ಹೇಳಿ. ಆ ಪುಟ ಪೂರ್ತಿ ಓದಿ."