ದನಿ ಹುರಿಯುವ ಫ್ರಿಜ್ಜು

ಹಾಡುವವರ ದನಿ ನುಣ್ಣಗಿರಬೇಕು ಎಂದು ಲೋಕವೆಲ್ಲ ಒದ್ದಾಡುತ್ತಿದ್ದರೆ ಈ ರ‍್ಯಾಪ್ ಹುಡುಗರದು ಉಲ್ಟಾ ಹಟ. ದನಿ ಒರಟಾಗಿರಬೇಕಂತೆ, ಹರಿದಿರಬೇಕಂತೆ, ಗೋಡೆಯಾಚೆ ಯಾರೋ ಹಳೇ ಫೋನಿನಲ್ಲಿ ಬೈದ ಹಾಗೆ ಕೇಳಬೇಕಂತೆ! ಅದಕ್ಕೆಂದೇ ಅವರೆಲ್ಲ ಮಿಕ್ಸರ್ ಅಕ್ಕನ ಹತ್ತಿರ ಬರುತ್ತಿದ್ದರು. ದನಿಗಳನ್ನು ಕೂಡಿಸಿ ಹದ ಮಾಡುವ ಕೆಲಸ ಅವಳದು, ಅದಕ್ಕೇ ಆ ಹೆಸರು. ಅಡುಗೆಮನೆ ಮಿಕ್ಸರನ್ನು ರಿಪೇರಿಗೆಂದು ಹೊತ್ತುತಂದ ಮಹಾನುಭಾವರೂ ಇದ್ದರು. ಅವರಿಗೆ ಬಾಗಿಲಲ್ಲೇ ಮಂಗಳಾರತಿಯಾಗುತ್ತಿತ್ತು.

ಅವಳ ಸ್ಟುಡಿಯೋ ಇದ್ದ ಜಾಗ ಮೊದಲು ಫ್ರಿಜ್ ರಿಪೇರಿ ಅಂಗಡಿಯಾಗಿತ್ತು. ಯಾರೋ ಬಿಟ್ಟುಹೋದ ಒಂದು ಕೆಟ್ಟ ಫ್ರಿಜ್ಜು ಮೂಲೆಯಲ್ಲೇ ಉಳಿದಿತ್ತು. ಅದರೊಳಗೆ ಅವಳು ಕಾಗದ ಹರಿದ ರೇಡಿಯೋ ಸ್ಪೀಕರ್ ಇಟ್ಟಿದ್ದಳು, ಎದುರಿಗೆ ಅಗ್ಗದ ಒಂದು ಮೈಕು. ಮೊದಲು ದನಿಯನ್ನು ಕಂಪ್ಯೂಟರಿನಲ್ಲಿ ಚೊಕ್ಕಟವಾಗಿ ಹಿಡಿಯುವುದು. ಆಮೇಲೆ ಅದನ್ನು ಆ ಸ್ಪೀಕರಿನಲ್ಲಿ ನುಡಿಸಿ, ಬಾಗಿಲು ಮುಚ್ಚಿ, ಒಳಗಿನ ಮೈಕಿನಿಂದ ಮತ್ತೆ ಹಿಡಿಯುವುದು. ದನಿಯ ಮಿನುಗೂ ಹೋಗುತ್ತಿತ್ತು, ಗುಡುಗೂ ಹೋಗುತ್ತಿತ್ತು. ನಡುವಿನ ಗರಗರ ಮಾತ್ರ ಉಳಿಯುತ್ತಿತ್ತು. ಇದಕ್ಕೆ ಅವಳಿಟ್ಟ ಹೆಸರು ದನಿ ಹುರಿಯುವುದು. ಒಮ್ಮೆ ಹುರಿದದ್ದನ್ನು ಮತ್ತೆ ಹುರಿಯಬಾರದು, ಮಾತು ಕರಗಿ ಬರೀ ಸದ್ದಾಗುತ್ತದೆ. ಮೂಲ ದನಿಯ ಮೇಲಂತೂ ಏನನ್ನೂ ಹಿಡಿಯಕೂಡದು, ಅದು ಅಳಿಸಿಹೋಗುತ್ತದೆ. ಇವೆರಡೇ ಅವಳ ಕಟ್ಟುನಿಟ್ಟು.

ಆ ಮಧ್ಯಾಹ್ನ ದೊಡ್ಡೋನು ಒಬ್ಬನೇ ಬಂದ. ಮೊದಲೆಲ್ಲ ಅಣ್ಣ ತಮ್ಮ ಜೊತೆಯಾಗಿ ಬರುತ್ತಿದ್ದರು. ದೊಡ್ಡೋನು ಸಾಲು ಹೇಳುವುದು, ಸಾಲಿನ ಕೊನೆಯ ಮಾತಿಗೆ ಚಿಕ್ಕೋನು ಹಿಂದಿನಿಂದ ದನಿಗೂಡಿಸುವುದು. ಅವರ ಹಾಡಿನ ಗತ್ತೇ ಅದು. ಕೆಲವು ತಿಂಗಳ ಹಿಂದೆ ಚಿಕ್ಕೋನು ಬೈಕಿನಿಂದ ಬಿದ್ದವನು ಮತ್ತೆ ಏಳಲಿಲ್ಲ. ಅವನು ಹೋದ ಮೇಲೆ ಅಮ್ಮ ಹಾಡುಗಳನ್ನೆಲ್ಲ ಕೇಳಿ ಕೇಳಿ ಒಂದೇ ಮಾತು ಹೇಳುತ್ತಿದ್ದಳು: "ಎಲ್ಲ ಕಡೆ ನಿನ್ನ ದನೀನೇ ಮೇಲಿದೆಯಲ್ಲೋ. ಅವನೊಬ್ಬನೇ ಮಾತಾಡಿದ್ದು ಒಂದೂ ಇಲ್ವಾ?" ಇರಲಿಲ್ಲ. ಆ ಪ್ರಶ್ನೆ ಕೇಳಿದಾಗಲೆಲ್ಲ ದೊಡ್ಡೋನಿಗೆ ತಾನೇ ತಮ್ಮನ ಬಾಯಿ ಮುಚ್ಚಿದ್ದೆ ಅನ್ನಿಸುತ್ತಿತ್ತು.

ತಮ್ಮನ ಮೇಲೆ ಕಟ್ಟಿದ ಹಾಡನ್ನು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅಕ್ಕ ಅದನ್ನು ಫ್ರಿಜ್ಜಿನಲ್ಲಿ ಹುರಿದಳು. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಗರಗರ ಚೆನ್ನಾಗಿಯೇ ಬಂದಿತ್ತು. ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಇನ್ನೊಂದು ದನಿ ಸಣ್ಣಗೆ ಸೇರಿಕೊಂಡಿತ್ತು.

"ಅಕ್ಕಾ, ಕೇಳಿಸ್ತಾ?"

"ತಗಡಿನ ಪೆಟ್ಟಿಗೆ ಕಣೋ, ದನಿ ಬಡ್ಕೊಂಡು ವಾಪಸ್ ಬರುತ್ತೆ. ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ," ಎಂದಳು ಅಕ್ಕ. ಹಾಗೆಂದರೂ ಇನ್ನೊಮ್ಮೆ ಹಾಕಿ ಕೇಳಿದಳು, ಹುಬ್ಬು ಗಂಟಿಕ್ಕಿದಳು. ಒಂದು ಸಾಲಿನಲ್ಲಿ ದೊಡ್ಡೋನು ಉಸಿರು ಸಾಲದೆ ಕೊನೆಯ ಮಾತನ್ನು ನುಂಗಿಬಿಟ್ಟಿದ್ದ. ಹುರಿದ ದನಿಯಲ್ಲಿ ಆ ಮಾತು ಪೂರ್ತಿಯಾಗಿತ್ತು. ಅದಕ್ಕೆ ಮುಂಚೆ ಮೂಗಿನಲ್ಲೇ ನಕ್ಕ ಸದ್ದೂ ಇತ್ತು. ಚಿಕ್ಕೋನು ಬಾಯಿ ತೆರೆಯುವ ಮೊದಲು ನಗುತ್ತಿದ್ದದ್ದು ಹಾಗೆಯೇ.

ದೊಡ್ಡೋನು ಹೆಡ್‌ಫೋನ್ ಕಿತ್ತಿಟ್ಟ. "ಇನ್ನೊಂದು ಸಲ ಹುರಿ ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ!"

"ಸುತರಾಂ ಇಲ್ಲ. ನನಗ್ಯಾಕೋ ಇದು ಸರಿ ಕಾಣ್ತಿಲ್ಲ. ಮುಖ ತೊಳ್ಕೊಂಡು ಕೂತ್ಕೋ, ಟೀ ತರ್ತೀನಿ. ಯಾವುದನ್ನೂ ಮುಟ್ಟಬೇಡ."

ಮುಟ್ಟಬೇಡ ಎಂದರೆ ಕೇಳುವ ಜಾತಿಯೇ ಇದು? ಅಕ್ಕ ಬೀದಿ ದಾಟುವುದರೊಳಗೆ ಅವನು ಕುರ್ಚಿಯಲ್ಲಿ ಕೂತಾಗಿತ್ತು. ಹುರಿದದ್ದನ್ನೇ ಸ್ಪೀಕರಿಗೆ ಕೊಟ್ಟು ಮತ್ತೆ ಹಿಡಿದ. ಹೊಸದಕ್ಕೆ ಬೇರೆ ಜಾಗ ಮಾಡುವುದು ತಿಳಿಯದೆ ಮೂಲ ದನಿಯ ಮೇಲೆಯೇ ಹಿಡಿದ. ಹಳೆಯದನ್ನು ಅಳಿಸಲೇ ಎಂದು ಕಂಪ್ಯೂಟರು ಕೇಳಿತು, ಇವನು ಹೂಂ ಅಂದ. ಈ ಸಲ ಇಬ್ಬರ ದನಿಯೂ ಸಮಸಮವಾಗಿತ್ತು. ಅವನಿಗೆ ಅಳು ಬಂತು, ಆದರೂ ಕೈ ನಿಲ್ಲಲಿಲ್ಲ. ಹಿಡಿದದ್ದನ್ನು ಮತ್ತೆ ಕೊಟ್ಟ, ಮತ್ತೆ ಹಿಡಿದ. ಮಾತು ಕರಗಬೇಕಿತ್ತು, ಕರಗಿದ್ದು ಇವನ ಮಾತು ಮಾತ್ರ. ಸುತ್ತಿನಿಂದ ಸುತ್ತಿಗೆ ಅವನ ದನಿ ತೆಳ್ಳಗಾಯಿತು, ಮರಳು ಉದುರಿದಂತಾಯಿತು, ಕಡೆಗೆ ಇಲ್ಲವೇ ಇಲ್ಲವಾಯಿತು. ಚಿಕ್ಕೋನು ಒಬ್ಬನೇ ಉಳಿದ. ಸಾಲಿನ ಕೊನೆಯನ್ನಷ್ಟೇ ಅಲ್ಲ, ಇಡೀ ಹಾಡನ್ನು ಅವನೇ ಹೇಳುತ್ತಿದ್ದ. ಗರಗರವೂ ಇಲ್ಲ, ಮುಚ್ಚಿದ ಬಾಗಿಲೂ ಇಲ್ಲ, ಎದುರಿಗೆ ನಿಂತು ಹೇಳಿದಷ್ಟು ಸ್ಪಷ್ಟ.

ದೊಡ್ಡೋನ ಗಂಟಲ ಪಸೆ ಆರಿಹೋಗಿತ್ತು. ಏನೋ ಕೆರೆಯುತ್ತಿತ್ತು. ಕೆಮ್ಮಿ ಸರಿಮಾಡಿಕೊಂಡ.

ಅಷ್ಟರಲ್ಲಿ ಅಕ್ಕ ಟೀ ಹಿಡಿದು ಒಳಗೆ ಬಂದಳು. ಅವನು ಕಂಪ್ಯೂಟರಿನ ತೆರೆಯ ಕಡೆಗೇ ಮುಖ ಮಾಡಿಕೊಂಡು, "ಸಿಕ್ಕಿಬಿಟ್ಟ ಅಕ್ಕಾ, ಪೂರ್ತಿ ಸಿಕ್ಕಿಬಿಟ್ಟ!" ಎಂದ.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಲೋಟ ಓರೆಯಾಗಿ ಬಿಸಿ ಟೀ ಕೈಮೇಲೆ ಚೆಲ್ಲಿದರೂ ಅವಳಿಗೆ ಅದರ ಪರಿವೆಯಿರಲಿಲ್ಲ. ಕೋಣೆಯಲ್ಲೆಲ್ಲ ಕಣ್ಣಾಡಿಸಿ, ತೆರೆ ನೋಡಿದಳು.

"ಮೂಲ ಎಲ್ಲೋ?" ಎಂದಳು. "ನಿನ್ನ ಮೂಲ ದನಿ ಎಲ್ಲಿ? ಅಯ್ಯೋ ಪಾಪಿ, ಅದರ ಮೇಲೇ ಹಿಡಿದ್ಯಾ?"

ಹೋದರೆ ಹೋಗಲಿ, ಇನ್ನೊಂದು ಸಲ ಹೇಳಿದರಾಯಿತು ಎಂದುಕೊಂಡ ಅವನು. ಅಮ್ಮನಿಗೆ ಕೇಳಿಸುವ ಆತುರದಲ್ಲಿ ಅವನಿಗೆ ಮತ್ತೇನೂ ಬೇಕಿರಲಿಲ್ಲ. ಅಕ್ಕ ಬೇಡ ಬೇಡ ಎಂದು ಕೈ ಅಡ್ಡ ಮಾಡುತ್ತಿದ್ದ ಹಾಗೆಯೇ ಮನೆಗೆ ಫೋನ್ ಹಚ್ಚಿದ.

"ಅಮ್ಮಾ..." ಎಂದ.

ಆ ಕಡೆ ಅಮ್ಮ ಉಸಿರು ಎಳೆದುಕೊಂಡದ್ದು ಮಾತ್ರ ಕೇಳಿಸಿತು. ಆಮೇಲೆ ಅವಳು ಒಮ್ಮೆಲೇ ಅತ್ತಳು, ನಕ್ಕಳು. "ಚಿಕ್ಕೋನೇ! ಎಲ್ಲಿದ್ದೀಯೋ ನನ್ನಪ್ಪಾ!"

"ಅಮ್ಮಾ, ನಾನಮ್ಮ! ದೊಡ್ಡೋನು!" ಎಂದು ಅವನು ಕೂಗಿದ. ಆಗ ಅವನ ಕಿವಿಗೂ ಕೇಳಿಸಿತು, ತನ್ನ ಬಾಯಿಂದ ಬಂದದ್ದು ತಮ್ಮನ ದನಿ. ಗಂಟಲು ಹಿಡಿದುಕೊಂಡು ಇನ್ನೊಮ್ಮೆ ಹೇಳಲು ಹೋದ. ಬಾಯಿ ತೆರೆಯುವ ಮೊದಲು ಮೂಗಿನಲ್ಲಿ ಒಂದು ನಗು ತಾನಾಗಿ ಬಂತು.

"ಸಾಕು ಸುಮ್ನಿರೋ, ಅಣ್ಣನ ಹಾಗೆ ನಾಟಕ ಆಡ್ಬೇಡ," ಎಂದಳು ಅಮ್ಮ, ಅಷ್ಟೂ ತಿಂಗಳುಗಳಲ್ಲಿ ಇಲ್ಲದ ಸಂತೋಷದಲ್ಲಿ. "ನಿನ್ನ ದನಿ ನನಗೆ ಗೊತ್ತಾಗಲ್ವಾ? ಅವನು ಬೆಳಿಗ್ಗೆ ಹೋದೋನು ಊಟಕ್ಕೂ ಬಂದಿಲ್ಲ ಕಣೋ, ನಿನ್ನ ಹತ್ರಾನೇ ಇರ್ಬೇಕು. ಎಲ್ಲಿ, ಅಣ್ಣಂಗೆ ಸ್ವಲ್ಪ ಫೋನ್ ಕೊಡು."