ಗಿರಿಗಿಟ್ಲೆಯ ಕೆಂಪು ಕಲೆ

ತಣಿಸಂದ್ರದ ಅನಂತರಾಜುವಿಗೆ ಇರುವುದು ಎರಡೇ ಕೆಲಸ. ತಿಂಗಳ ಮೊದಲ ವಾರ ಬಾಡಿಗೆ ವಸೂಲಿ, ಉಳಿದ ದಿನವೆಲ್ಲ ಹಳೆಯ ಕಾಮಿಕ್ಸ್ ಹುಡುಕಾಟ. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಬಿಲ್ಡಿಂಗು ಎದ್ದು ನಿಂತರೂ, ಐವತ್ತು ದಾಟಿದ ಮಗ ಮಾತ್ರ ರಾಜಕುಮಾರಿ, ರಾಕ್ಷಸ ಎನ್ನುತ್ತ ರದ್ದಿ ಅಂಗಡಿ ಸುತ್ತುತ್ತಾನೆ. ನಗಬೇಡಿ. ಕಾಮಿಕ್ಸ್ ಕೂಡಿಡುವವರ ವಾಟ್ಸಾಪ್ ಗುಂಪಿನಲ್ಲಿ ಅವನ ಮಾತೇ ಮಾತು. ಕಾಗದ ಮೂಸಿ, ಪಿನ್ನಿನ ತುಕ್ಕು ನೋಡಿ ಅವನು ‘ಅಸಲಿ’ ಅಂದರೆ ಮುಗಿಯಿತು, ಜನ ಕಣ್ಣು ಮುಚ್ಚಿ ಕೊಳ್ಳುತ್ತಾರೆ.

ಅಂಥವನ ಕೈಗೆ ಆರ್.ಟಿ. ನಗರದ ಹಳೇ ಪೇಪರ್ ಅಂಗಡಿಯ ನಾಸಿರ್ ‘ಗಿರಿಗಿಟ್ಲೆ’ ಮಕ್ಕಳ ಮಾಸಿಕದ ಹಳೆಯ ದೀಪಾವಳಿ ಸಂಚಿಕೆಯನ್ನು ತಂದಿಟ್ಟ. ಇಪ್ಪತ್ತು ವರ್ಷದಿಂದ ಒಳ್ಳೆಯದೇನು ಸಿಕ್ಕರೂ ಮೊದಲು ಅನಂತರಾಜುವಿಗೇ ತೋರಿಸುವ ಮನುಷ್ಯ ನಾಸಿರ್. ಆ ಸಂಚಿಕೆ ಯಾರ ಬಳಿಯೂ ಇರಲಿಲ್ಲ. ಹುಡುಗನಾಗಿದ್ದಾಗ ಅದಕ್ಕೆಂದೇ ಯಶವಂತಪುರ ಸ್ಟೇಷನ್ನಿನ ಪುಸ್ತಕದಂಗಡಿಗೆ ಓಡಿ, ‘ಖಾಲಿ ಕಣೋ ಮರಿ’ ಅನ್ನಿಸಿಕೊಂಡು ಅಳುತ್ತ ಬಂದವನು ಅನಂತರಾಜು. ಹಿಂದಿನ ಸಂಚಿಕೆಯಲ್ಲಿ ಬಾವಿಗೆ ಹಾರಿದ ರಾಜಕುಮಾರ ಏನಾದನೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಖುಷಿಗೆ ಮೂಸಿದ, ಮುದ್ದಾಡಿದ, ಗುಂಪಿನಲ್ಲಿ ‘ಅಸಲಿ’ ಎಂದು ಸಾರಿದ. ಅದನ್ನು ನಂಬಿ ಇನ್ನಿಬ್ಬರು ನಾಸಿರ್ ಹತ್ತಿರ ಒಂದೊಂದು ಪ್ರತಿ ಕೊಂಡರು.

ಅಲ್ಲಿಗೇ ಶುರುವಾಯಿತು ತಲೆನೋವು. ಗುಂಪಿನ ನಯನಾ, ಯಲಹಂಕದ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುವವಳು, ಮೂರೂ ಪ್ರತಿಗಳ ಒಂದೇ ಪುಟದ ಫೋಟೋ ತರಿಸಿಕೊಂಡು ಅಕ್ಕಪಕ್ಕ ಹಾಕಿದಳು. ಮೂರರಲ್ಲೂ ಹೆಬ್ಬೆರಳಗಲದ ಕೆಂಪು ಕಲೆ, ಅದೂ ಒಂದೇ ಜಾಗದಲ್ಲಿ. ಕಲೆಯಿದ್ದ ಯಾವುದೋ ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಈಗ ಮುದ್ರಿಸಿದ್ದಾರೆ, ಪುಸ್ತಕದ ಜೊತೆಗೆ ಕಲೆಯೂ ಅಚ್ಚಾಗಿದೆ ಎಂದು ಬರೆದಳು. ಅದರ ಕೆಳಗೆ ಯಾರೋ, ‘ಅನಂತರಾಜಣ್ಣನಿಗೆ ಇದರಲ್ಲಿ ಪಾಲೆಷ್ಟು?’ ಎಂದು ಕೇಳಿಬಿಟ್ಟರು.

ಅನಂತರಾಜುವಿನ ತಲೆಯಲ್ಲಿ ಹುಳ ಹೊಕ್ಕಿತು. ಇಷ್ಟು ವರ್ಷ ಕೂಡಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಹೆಸರನ್ನೇ ತಾನೇ? ಹೆಂಡತಿ ಶಾಂತಲಾ ಬೇರೆ ಕಾಲೆಳೆದಳು. ಮನೆ ಬಾಡಿಗೆಗೆ ಕೊಡುವಾಗ ಬಂದವರ ಮುಖ ಕೂಡ ನೆಟ್ಟಗೆ ನೋಡದವರು ಮಕ್ಕಳ ಪುಸ್ತಕಕ್ಕೆ ಟಾರ್ಚು ಬಿಡುತ್ತಿದ್ದೀರಲ್ಲ ಎಂದಳು. ಅವನು ಸ್ಕೂಟರ್ ಹತ್ತಿ ಆರ್.ಟಿ. ನಗರಕ್ಕೆ ಹೊರಟ.

ಎಲ್ಲಿಂದ ತಂದೆ ಎಂದು ಕೇಳಿದ್ದಕ್ಕೆ ನಾಸಿರ್ ಒಂದು ಮನೆಯವರು ಕೊಟ್ಟರು ಎಂದನೇ ಹೊರತು ಹೆಸರು ಹೇಳಲಿಲ್ಲ, ಹೇಳಬೇಡಿ ಎಂದಿದ್ದಾರಂತೆ. ಬೇಕಾದರೆ ಮಾಲು ನೋಡಿ ಎಂದು ಮೂಲೆಯ ಟ್ರಂಕಿನ ಮುಚ್ಚಳ ತೆಗೆದ. ಒಳಗೆ ಬರೀ ಗಿರಿಗಿಟ್ಲೆ! ಅದೇ ದೀಪಾವಳಿ ಸಂಚಿಕೆ, ಅಂಚು ಕೂಡ ಮಾಸದೆ ಟ್ರಂಕಿನ ತುಂಬ. ಅನಂತರಾಜು ಲೆಕ್ಕ ಹಾಕಿದ. ಒಂದೇ ಪುಸ್ತಕವನ್ನು ಟ್ರಂಕ್ ತುಂಬ ಇಟ್ಟುಕೊಳ್ಳುವವರು ಯಾರು? ಅಚ್ಚು ಹಾಕಿಸಿದವರು ತಾನೇ?

“ಡೂಪ್ಲಿಕೇಟ್ ಇದು. ನನ್ ಹೆಸರು ಹಾಳ್ ಮಾಡ್ಬಿಟ್ಟೆ ಕಣೋ ನೀನು.”

“ಚೆನ್ನಾಗಿ ನೋಡಿ ಹೇಳ್ತಿದೀರಾ ಸಾರ್?” ಎಂದು ನಾಸಿರ್ ಮೆಲ್ಲಗೆ ಕೇಳಿದ.

“ನೋಡಿಯೇ ಹೇಳ್ತಿರೋದು.”

ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತಲ್ಲೇ ನಿಂತಿದ್ದವು. ಅನಂತರಾಜು ಅಲ್ಲೇ ಫೋನು ತೆಗೆದು, ಗಿರಿಗಿಟ್ಲೆ ನಕಲಿ, ನಾಸಿರ್ ಹತ್ತಿರ ಯಾರೂ ಏನೂ ಕೊಳ್ಳಬೇಡಿ ಎಂದು ಗುಂಪಿಗೆ ಬರೆದ. ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ.

ಮರುದಿನ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದ ಶಾಂತಲಾ, ಮೇಜಿನ ಮೇಲೆ ಬಿದ್ದಿದ್ದ ಪುಸ್ತಕದ ಮೇಲೆ ಬಗ್ಗಿದಳು. ಕಲೆಯ ಮೇಲೆ ಬೆರಳಾಡಿಸಿ ಆ ಬೆರಳನ್ನು ಗಂಡನ ಮೂಗಿನ ಮುಂದೆ ಹಿಡಿದಳು.

“ರೀ, ಇದು ಕುಂಕುಮ ಕಣ್ರೀ.”

ಕಾಗದ ಮೂಸಿದವನು, ಪಿನ್ನಿನ ತುಕ್ಕು ನೋಡಿದವನು, ಕಲೆಯೊಂದನ್ನು ಮಾತ್ರ ಮುಟ್ಟಿ ನೋಡಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಈ ಪುಣ್ಯಾತ್ಮ ಫೋನಿನಲ್ಲಿ ಕಂಡದ್ದನ್ನೇ ಪ್ರಮಾಣ ಮಾಡಿಕೊಂಡಿದ್ದ. ಮೆತ್ತನೆಯ ಬ್ರಷ್ಷಿನಿಂದ ಸವರಿದಾಗ ಪುಡಿ ಉದುರಿ, ಅಡಿಯಲ್ಲಿ ಆ ತಿಂಗಳು ಹುಟ್ಟುಹಬ್ಬವಿದ್ದ ಪುಟಾಣಿಯೊಬ್ಬಳ ಫೋಟೋದ ಮುಖ ಕಂಡಿತು. ಕೆಳಗೆ ‘ಚಿ. ವೇದಾ, ತಂದೆ ಪಿಳ್ಳಪ್ಪ, ಚಿಕ್ಕಬಾಣಾವರ’ ಎಂದು ಅಚ್ಚಾಗಿತ್ತು. ನಾಸಿರ್‌ಗೆ ಫೋನು ಮಾಡಿದ, ಅವನು ಎತ್ತಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಚಿಕ್ಕಬಾಣಾವರಕ್ಕೆ ಹೊರಟ.

ರೈಲ್ವೆ ಸ್ಟೇಷನ್ ಬಳಿ ಪಿಳ್ಳಪ್ಪನ ಹೆಸರು ಹೇಳಿ ಕೇಳಿದರೆ ಹಿಟ್ಟಿನ ಗಿರಣಿ ತೋರಿಸಿದರು. ರೆಪ್ಪೆಯ ಮೇಲೆಲ್ಲ ರಾಗಿಹಿಟ್ಟು ಕೂತಿದ್ದ ಹೆಂಗಸು ಪುಸ್ತಕ ನೋಡಿದ್ದೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅವಳೇ ವೇದಾ. ಅಪ್ಪ ಪಿಳ್ಳಪ್ಪ ರೈಲಿನಲ್ಲಿ ಯಶವಂತಪುರಕ್ಕೆ ಹಾಲು ಹಾಕುತ್ತಿದ್ದನಂತೆ, ಓದಲು ಬಾರದು. ಯಾರಿಂದಲೋ ಬರೆಸಿ ಕಳಿಸಿದ್ದ ಮಗಳ ಫೋಟೋ ಪುಸ್ತಕದಲ್ಲಿ ಕಂಡವನೇ ಹಾಲಿನ ದುಡ್ಡು ಸುರಿದು ಸ್ಟೇಷನ್ನಿನ ಅಂಗಡಿಯಲ್ಲಿದ್ದಷ್ಟನ್ನೂ ಕೊಂಡನಂತೆ, ಸಾಲದೆ ಮೆಜೆಸ್ಟಿಕ್ಕಿಗೂ ಹೋಗಿ ಸಿಕ್ಕಷ್ಟನ್ನೂ ತಂದನಂತೆ. ಅನಂತರಾಜು ಬೆರಗಾದ. ಅಂದು ‘ಖಾಲಿ’ ಮಾಡಿದ ಮಹಾನುಭಾವ ಈತನೇ! ತಡೆಯಲಾಗದೆ ಗಿರಣಿಯ ಸದ್ದಿಗೂ ಮೀರಿ ನಕ್ಕುಬಿಟ್ಟ.

“ನನ್ ಹುಟ್ಟಿದಬ್ಬ ಬಂದ್ರೆ ನಮ್ಮವ್ವ ಗೌರಮ್ಮ ಟ್ರಂಕ್ ತೆಗ್ದು ಅಷ್ಟೂ ಪುಸ್ತಕಕ್ಕೆ ಕುಂಕುಮ ಇಡೋಳು. ಒಂದಕ್ಕಿಟ್ಟು ಇನ್ನೊಂದಕ್ಕೆ ಬಿಟ್ರೆ ಮಗೀಗೆ ಒಳ್ಳೇದಾಗಲ್ಲ ಅನ್ನೋಳು” ಎಂದಳು ವೇದಾ.

ಈಗ ಅವರಿಬ್ಬರೂ ಇಲ್ಲ. ಹಳೆಯ ಮನೆ ಕೆಡವುವಾಗ ಟ್ರಂಕ್ ಹೊರಬಿದ್ದು ಮಕ್ಕಳು ಗೇಲಿ ಮಾಡಿದರಂತೆ. ನಾಚಿಕೆಯಾಗಿ, ಹೆಸರು ಹೇಳಬೇಡಿ ಎಂದು ಅಷ್ಟನ್ನೂ ನಾಸಿರ್‌ಗೆ ಕೊಟ್ಟುಬಿಟ್ಟಿದ್ದಳು. ಆಮೇಲೆ ಬೇಜಾರಾಯಿತು, ಒಂದಾದರೂ ಇಟ್ಟುಕೊಳ್ಳಬೇಕಿತ್ತು ಎಂದಳು. ಟ್ರಂಕ್ ತುಂಬ ಇದೆಯಲ್ಲಮ್ಮ, ನಾಳೆಯೇ ಒಂದು ತಂದುಕೊಡುತ್ತೇನೆ ಎಂದು ಅನಂತರಾಜು ಮಾತು ಕೊಟ್ಟ.

ಆರ್.ಟಿ. ನಗರ ಮುಟ್ಟುವವರೆಗೂ ಕ್ಷಮೆ ಕೇಳುವ ಮಾತನ್ನೇ ಬಾಯಿಪಾಠ ಮಾಡಿದ. ಅಂಗಡಿಯಲ್ಲಿ ನಾಸಿರ್ ಪೇಪರ್ ಕಟ್ಟುತ್ತಿದ್ದ. ಮೂಲೆಯಲ್ಲಿ ಟ್ರಂಕ್ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ.

“ಎಲ್ಲೋ ನಾಸಿರ್, ಪುಸ್ತಕ?”

“ಬೆಳಿಗ್ಗೇನೇ ಗೊರಗುಂಟೆಪಾಳ್ಯಕ್ಕೆ ಕಳಿಸ್ದೆ ಸಾರ್, ಪೇಪರ್ ಮಿಲ್ ಲಾರಿಗೆ. ಇಷ್ಟೊತ್ತಿಗೆ ನೀರಲ್ಲಿ ನೆನೆದು ಗೊಜ್ಜಾಗಿರುತ್ತೆ. ನಿನ್ನೆ ಸಂಜೇನೇ ಆ ಇಬ್ಬರಿಗೂ ದುಡ್ಡು ವಾಪಸ್ ಕೊಟ್ಟು ಅವರದ್ದೂ ತಗೊಂಡೆ, ಅದೂ ಅದ್ರಲ್ಲೇ ಹೋಯ್ತು.”

ಅನಂತರಾಜು ಪೇಪರ್ ಕಟ್ಟಿನ ಮೇಲೆ ಕೂತ. ಅಸಲಿ ಕಣೋ, ಅಷ್ಟೂ ಅಸಲಿ ಎಂದ. ನನ್ನ ಮೇಲೆ ಸಿಟ್ಟಿಗೆ ಹಾಗೆ ಮಾಡಿದೆಯಾ ಎಂದು ಕೇಳಿದ.

ನಾಸಿರ್ ಸುತ್ತಿದ್ದ ದಾರವನ್ನು ಹಲ್ಲಿನಲ್ಲಿ ಕಡಿದು ಗಂಟು ಹಾಕಿದ.

“ಸಿಟ್ಟ್ಯಾಕೆ ಸಾರ್? ನೀವು ಅಸಲಿ ಅಂದ್ರಿ, ಮಾರ್ದೆ. ನಕಲಿ ಅಂದ್ರಿ, ನಕಲಿ ಮಾಲು ಅಂಗಡೀಲಿ ಇಟ್ಕೋಬಾರ್ದು ಅಂತ ಕಳಿಸ್ದೆ. ನಿಮ್ ಮಾತಿನ ಮೇಲೆ ನಂಗ್ಯಾವತ್ತೂ ಅನುಮಾನ ಬಂದಿಲ್ಲ.”

ಅನಂತರಾಜು ಚೀಲದಲ್ಲಿದ್ದ ಪುಸ್ತಕವನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಇನ್ನು ಉಳಿದದ್ದು ಅದೊಂದೇ, ಅದೂ ಅವನದಲ್ಲ. ನಾಳೆಯವರೆಗೆ ಕಾಯಲಾರದೆ ಎದ್ದು, ಮತ್ತೆ ಚಿಕ್ಕಬಾಣಾವರದ ಕಡೆ ಸ್ಕೂಟರ್ ತಿರುಗಿಸಿದ.